ಕೈಯ ಹಿಂಬದಿಯಲ್ಲಿ ನರ ಎದ್ದು ಕಾಣುತ್ತದೆ, ಇದು ರೋಗವಾ? ಆಳಿಗೊಂದು ಮಾತು ಹೇಳಿ ಮಂಡೆಬಿಸಿ ಮಾಡಿದ್ದಾರೆ

ಬದಿಯಡ್ಕದ ಸೊಸೆ (ರಾತ್ರಿ 9.10)
ಮೊನ್ನೆ ಹತ್ತಿರದ ಮನೆಯ ಮದುವೆಯಲ್ಲಿ ಪಾಯಸ ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತಿದ್ದ ನಮ್ಮ ಯಜಮಾನರ ದೊಡ್ಡತ್ತೆ ಸೌಟು ಹಿಡಿದ ಕೈಯನ್ನೇ ಹಿಡಿದು ನಿಲ್ಲಿಸಿದರು. "ಎಂತ ಮಾರಾಯ್ತಿ, ನರ ಎಲ್ಲ ಎದ್ದು ಬಂದಿದೆ, ಮೈಯಲ್ಲಿ ರಕ್ತವೇ ಇಲ್ಲ ನಿನಗೆ" ಅಂದರು. ಪಕ್ಕದ ಎಲೆಯವರು ಬಿಪಿ ಅಂದರು. ಕೈ ತೊಳೆಯುವಲ್ಲಿ ಸಿಕ್ಕಿದ ಇನ್ನೊಬ್ಬರು 640 ರೂಪಾಯಿಯ ಒಂದು ಟಾನಿಕ್ಕಿನ ಹೆಸರು ಬರೆದೇ ಕೊಟ್ಟರು. ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಹೃದಯದ ಕಾಯಿಲೆಯವರೆಗೆ ಹೋಯಿತು. ನಿದ್ದೆ ಹಾಳು.

ನನಗೆ 38 ವರ್ಷ. ಹೋದ ವರ್ಷದಿಂದ ನಡೆಯಲು ಶುರು ಮಾಡಿ, ರಾತ್ರಿ ಅನ್ನ ಬಿಟ್ಟು 7 ಕಿಲೋ ಇಳಿದಿದ್ದೇನೆ. ಎರಡೂ ಕೈಯಲ್ಲಿ ಕಾಣುತ್ತದೆ, ಬೆರಳ ಬುಡದಿಂದ ಮೊಣಕೈವರೆಗೆ. ನೋವಿಲ್ಲ, ಬಾವು ಇಲ್ಲ. ಅಡಕೆ ಹೆಕ್ಕಿ ಬಂದ ಸಂಜೆ ಜಾಸ್ತಿ, ಬೆಳಿಗ್ಗೆ ಕಮ್ಮಿ. ಯಜಮಾನರನ್ನು ಕೇಳಿದರೆ ತಮ್ಮ ಕೈ ತೋರಿಸಿ "ನನಗೂ ಉಂಟಲ್ಲ" ಅಂತ ಪೇಪರ್ ಓದಲು ಕೂತರು. ತಿಳಿದವರು ಯಾರಾದರೂ ಹೇಳಿ.

ತೋಟದವ (9.14)
ನನ್ನ ಕೈ ನೋಡಿದ್ದರೆ ನಿಮ್ಮ ದೊಡ್ಡತ್ತೆ ಆಂಬುಲೆನ್ಸೇ ಕರೆಸುತ್ತಿದ್ದರು.

ಕುಂಬಳೆ ಭಾವ (9.17)
ಕಾರಣ ನೀವೇ ಬರೆದಿದ್ದೀರಲ್ಲ ಅಕ್ಕ, 7 ಕಿಲೋ. ಚರ್ಮದ ಅಡಿಯ ಕೊಬ್ಬು ಹೋಯಿತು, ಒಳಗಿದ್ದದ್ದು ಹೊರಗೆ ಕಂಡಿತು. ಹೊಳೆಯಲ್ಲಿ ನೀರು ಇಳಿದರೆ ಕಲ್ಲು ಕಾಣುವುದಿಲ್ವಾ, ಹಾಗೆ.

ನಿವೃತ್ತ ಮಾಷ್ಟ್ರು (9.31)
ಮೊದಲು ಒಂದು ತಿದ್ದುಪಡಿ. ನೀವೆಲ್ಲ ನರ ನರ ಅನ್ನುತ್ತಿರುವುದು ನರವೇ ಅಲ್ಲ. ನರ ಅಂದರೆ ಮೆದುಳಿಗೂ ಮೈಗೂ ಸುದ್ದಿ ಸಾಗಿಸುವ ತಂತಿ, ಅದು ಕೈಯ ಮೇಲೆ ಹೀಗೆ ನೀಲಿಯಾಗಿ ಕಾಣುವುದಿಲ್ಲ. ಕಾಣುವುದು ರಕ್ತನಾಳ. ಅದರಲ್ಲೂ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಹೃದಯದಿಂದ ಹೊರಗೆ ತರುವುದು ಅಪಧಮನಿ, ಅದು ಆಳದಲ್ಲಿರುತ್ತದೆ, ಮಣಿಕಟ್ಟಿನಲ್ಲಿ ಬೆರಳಿಟ್ಟರೆ ಬಡಿಯುವುದು ಅದೇ. 8ನೇ ಕ್ಲಾಸಿನಲ್ಲಿ 31 ವರ್ಷ ಇದನ್ನೇ ಪಾಠ ಮಾಡಿದೆ. ಎಲ್ಲರೂ ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಮನೆಗೆ ಹೋಗಿ ನರ ಅಂತಲೇ ಹೇಳಿದರು.

ಇನ್ನೊಂದು. ಒಳಗೆ ನೀಲಿ ರಕ್ತ ಹರಿಯುವುದಿಲ್ಲ. ಅಭಿಧಮನಿಯಲ್ಲಿಯೂ ಕೆಂಪೇ, ಸ್ವಲ್ಪ ಕಡು. ಚರ್ಮದೊಳಗೆ ಹೋದ ಬೆಳಕು ಚದುರಿ ವಾಪಸ್ ಬರುವ ರೀತಿಯಿಂದ ನಮ್ಮ ಕಣ್ಣಿಗೆ ನೀಲಿ ಅಥವಾ ಹಸಿರು ಅನ್ನಿಸುತ್ತದೆ.

ಉಪ್ಪಳ ಎಕ್ಸ್‌ಪ್ರೆಸ್ (9.36)
ಮಾಷ್ಟ್ರೇ, ಊರಿನಲ್ಲಿ ಯಾರು ಅಭಿಧಮನಿ ಅಂತಾರೆ? ಮಲಯಾಳದಲ್ಲಿಯೂ ಞರಂಬು ಅಂದರೆ ಎರಡೂ. ಜನ ಮಾತಾಡುವುದೇ ಭಾಷೆ.

ನಿವೃತ್ತ ಮಾಷ್ಟ್ರು (9.40)
ಮಾತಾಡುವುದಕ್ಕೆ ಅಡ್ಡಿಯಿಲ್ಲ. ಮದ್ದು ತೆಗೆದುಕೊಳ್ಳುವಾಗ ಅಡ್ಡಿ ಉಂಟು. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ" ಅಂತ ಪೋಸ್ಟರ್ ಯಾಕೆ ಓಡುತ್ತದೆ ಹೇಳಿ? ಕೈಯ ಮೇಲೆ ಕಾಣುವುದು ನರ, ಅದು ಎದ್ದಿದೆ ಅಂದರೆ ನರಕ್ಕೆ ಎಂತದೋ ಆಗಿದೆ, ಹಾಗಾದರೆ ನರದ ಟಾನಿಕ್. ಒಂದು ಶಬ್ದ ತಪ್ಪಿದ್ದಕ್ಕೆ 640 ರೂಪಾಯಿ.

ಪೆರ್ಲದ ಡ್ರೈವರ್ (9.52)
ಮಾಷ್ಟ್ರು ಹೇಳಿದ್ದು ಸತ್ಯ. ನಮ್ಮ ಮಾವನಿಗೆ ಕಾಲಿನಲ್ಲಿ ಹುರಿಹಗ್ಗದ ಹಾಗೆ ಗಂಟುಗಂಟು, ಅದೇ ವೆರಿಕೋಸ್. "ನರದ ಡಾಕ್ಟರಿಗೆ ತೋರಿಸಬೇಕು" ಅಂತ ಹಟ. ತಲಪಾಡಿ ದಾಟಿ ಮಂಗಳೂರಿಗೆ ಕರ್ಕೊಂಡು ಹೋಗಿ ಮೂರು ಗಂಟೆ ಕಾದೆವು. ಒಳಗೆ ಹೋದರೆ ಅವರು ಪಾರ್ಶ್ವವಾಯು, ಅಪಸ್ಮಾರ ನೋಡುವ ಡಾಕ್ಟರು. ಮಾವ ಪಂಚೆ ಎತ್ತಿ ಕಾಲು ತೋರಿಸಿದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಸರ್ಜನ್ ಹತ್ತಿರ ಹೋಗಿ ಅಂತ ಚೀಟಿ ಕೊಟ್ಟರು. ಫೀಸು ಫೀಸೇ.

ರಾತ್ರಿಪಾಳಿ ಸಿಸ್ಟರ್ (11.48)
ಈಗ ಟೀ ಕುಡಿಯಲು ಐದು ನಿಮಿಷ ಸಿಕ್ಕಿತು. 14 ವರ್ಷದಿಂದ ವಾರ್ಡಿನಲ್ಲಿದ್ದೇನೆ. ಅಕ್ಕ, ನಿಮ್ಮಂಥ ಕೈ ಕಂಡರೆ ನಮಗೆ ಹಬ್ಬ. ಡ್ರಿಪ್ ಹಾಕಲು ಒಂದೇ ಚುಚ್ಚು ಸಾಕು. ಮೈ ತುಂಬಿದವರ ಕೈಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ಒತ್ತಿ ಒತ್ತಿ ಹುಡುಕಬೇಕು. ಚಿಕ್ಕ ಮಕ್ಕಳ ಕೈಯೋ ಕೇಳುವುದೇ ಬೇಡ, ಅಮ್ಮಂದಿರು ನಮ್ಮನ್ನೇ ದುರುಗುಟ್ಟಿ ನೋಡುತ್ತಿರುತ್ತಾರೆ.

ಕೈಯಲ್ಲಿ ರಕ್ತನಾಳ ಕಾಣಲು ಕಾರಣ ಬಹಳ ಇವೆ. ವಂಶದಲ್ಲಿ ಬಂದದ್ದು, ತೆಳ್ಳಗಿನ ಮೈ, ಬಿಳಿ ಚರ್ಮ, ಸೆಖೆ, ಕೈಕೆಲಸ. ಗರ್ಭಿಣಿಯರಲ್ಲಿ ಮೈಯ ರಕ್ತವೇ ಜಾಸ್ತಿಯಾಗುವುದರಿಂದ ಅವರಿಗೂ ಎದ್ದು ಕಾಣುತ್ತದೆ. ಇದ್ಯಾವುದೂ ರೋಗ ಅಲ್ಲ. ಬಿಪಿಗೂ ಇದಕ್ಕೂ ಸಂಬಂಧ ಇಲ್ಲ, ನಾವು ಪಟ್ಟಿ ಕಟ್ಟಿ ನೋಡುವ ಬಿಪಿ ಅಪಧಮನಿಯದ್ದು. ರಕ್ತ ಕಮ್ಮಿ ಅನ್ನುವುದನ್ನೂ ಕೈ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಹೆಂಗಸರಿಗೆ 12ಕ್ಕಿಂತ ಕೆಳಗೆ, ಗಂಡಸರಿಗೆ 13ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ.

ಬೆಲ್ ಆಯಿತು. ಉಳಿದದ್ದು ಆಮೇಲೆ.

ಮುಳ್ಳೇರಿಯ ಜಿಮ್ (ಬೆಳಿಗ್ಗೆ 6.05)
ನಾವು ಇದು ಕಾಣಲಿ ಅಂತ ತಿಂಗಳುಗಟ್ಟಲೆ ಬೆವರು ಸುರಿಸುತ್ತೇವೆ, ನೀವು ಕಂಡಿತು ಅಂತ ಅಳುತ್ತೀರಿ! ಸ್ಪರ್ಧೆಯ ಹಿಂದಿನ ದಿನ ನೀರು ನಿಲ್ಲಿಸಿದರೆ ಇನ್ನೂ ಚೆನ್ನಾಗಿ ಎದ್ದು ಬರುತ್ತದೆ.

ರಾತ್ರಿಪಾಳಿ ಸಿಸ್ಟರ್ (6.20)
ತಮ್ಮಾ, ನೀರು ನಿಲ್ಲಿಸಿ ತಲೆ ತಿರುಗಿ ಬಿದ್ದವರಿಗೆ ಡ್ರಿಪ್ ಹಾಕಿದವಳು ನಾನು. ಮೈಯಲ್ಲಿ ನೀರು ತೀರಾ ಕಮ್ಮಿಯಾದರೆ ನಾಳ ಎದ್ದು ಬರುವುದಲ್ಲ, ಒಳಗೆ ಕುಸಿದು ಹೋಗುತ್ತದೆ. ಎದ್ದು ಬರುವುದು ಕಸರತ್ತು ಮಾಡುವಾಗ. ಸ್ನಾಯು ಉಬ್ಬಿ ನಾಳವನ್ನು ಚರ್ಮದ ಕಡೆಗೆ ತಳ್ಳುತ್ತದೆ, ರಕ್ತವೂ ಜೋರಾಗಿ ಹರಿಯುತ್ತದೆ. ನೀರು ಕುಡಿ.

ಮುಳ್ಳೇರಿಯ ಜಿಮ್ (6.22)
ಆಯಿತು ಅಕ್ಕ 🙏

ಶಾರ್ಜಾ ಭಟ್ರು (8.30)
ಇಲ್ಲಿ ಜುಲೈಯಲ್ಲಿ ಹೊರಗೆ ಹತ್ತು ನಿಮಿಷ ನಿಂತರೆ ಕೈ ನಕ್ಷೆಯ ಹಾಗೆ ಕಾಣುತ್ತದೆ. ಆಫೀಸಿನ ಒಳಗೆ ಎಸಿಯಲ್ಲಿ ಕೂತರೆ ಮಾಯ. ಮೈ ತಂಪು ಮಾಡಲು ರಕ್ತ ಚರ್ಮದ ಹತ್ತಿರ ಬರುತ್ತದೆಯಂತೆ. ಮಳೆಗಾಲದಲ್ಲಿ ಊರಿಗೆ ಬಂದರೆ ಅಮ್ಮ "ಕೈ ದುಂಡಗಾಗಿದೆ" ಅಂತ ಖುಷಿ ಪಡುತ್ತಾರೆ. ದುಂಡಗೂ ಇಲ್ಲ ಎಂತದೂ ಇಲ್ಲ, ಚಳಿ ಅಷ್ಟೆ.

ತೋಟದವ (8.41)
ಭಟ್ರೇ, ಮಳೆಗಾಲದಲ್ಲಿ ಬರುವುದಾದರೆ ಅಡಕೆಗೆ ಮದ್ದು ಬಿಡಲು ಬನ್ನಿ. ಜನವೇ ಸಿಗುವುದಿಲ್ಲ.

ಶಾರ್ಜಾ ಭಟ್ರು (8.44)
ಈ ಸಲ ಕೊಳೆರೋಗ ಹೇಗುಂಟು?

ತೋಟದವ (8.50)
ಎರಡನೇ ಮದ್ದು ತಡವಾಯಿತು. ಮಳೆ ಬಿಡಲೇ ಇಲ್ಲ. ಮೈಲುತುತ್ತಿನ ರೇಟು ಕೇಳಿದರೆ ನಿಮ್ಮ ನರವೂ ಎದ್ದು ಬರುತ್ತದೆ.

ಕುಂಬಳೆ ಭಾವ (8.58)
ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಸರಿಯಾಗಿ ಹಾಕುತ್ತೀರಾ? ಸುಣ್ಣ ಹಳೆಯದಾದರೆ ಎಷ್ಟು ಹೊಡೆದರೂ ಪುಸ್ಕ.

ನಿವೃತ್ತ ಮಾಷ್ಟ್ರು (9.05)
ಅಡಕೆಗೆ ಬೇರೆ ಕಟ್ಟೆ ಮಾಡಿ ಮಾರಾಯ್ರೇ. ಆ ಹೆಣ್ಣುಮಗಳು ನಿದ್ದೆಗೆಟ್ಟು ಕೇಳಿದ್ದಾಳೆ.

ಬೀಡಿ ಕಟ್ಟಿದ ಮನೆಯವಳು (10.15)
ಮಾಷ್ಟ್ರು ಹೇಳಿದ ಶಬ್ದದ ವಿಷಯ ನಮ್ಮ ಮನೆಯಲ್ಲಿ ಉಲ್ಟಾ ಆಯಿತು. ಅಮ್ಮ ಮದುವೆಗೆ ಮೊದಲಿನಿಂದ ಬೀಡಿ ಕಟ್ಟಿದವರು. ಮಡಿಲಲ್ಲಿ ಮೊರ, ಕೈಯಲ್ಲಿ ಎಲೆ, ಬೆಳಿಗ್ಗೆಯಿಂದ ಸಂಜೆ. ನಾಲ್ಕು ವರ್ಷದ ಹಿಂದೆ ಬಲಗೈ ಜುಂ ಅನ್ನಲು ಶುರುವಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟುವುದು. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೈ ಕೊಡವುತ್ತಿದ್ದರು. ನೋಡಿದವರೆಲ್ಲ ಕೈಯ ಹಿಂಬದಿ ಎದ್ದ ನೀಲಿ ಗೆರೆ ತೋರಿಸಿ "ನರ ಎದ್ದಿದೆ, ಅದಕ್ಕೇ" ಅಂದರು. ಎಣ್ಣೆ ತಿಕ್ಕಿದೆವು, ಹಿಂದಕ್ಕೆ ಮುಂದಕ್ಕೆ ನೀವಿದೆವು. ಎರಡು ವರ್ಷ ಹೋಯಿತು. ಕಡೆಗೆ ಗೊತ್ತಾದದ್ದು, ತೊಂದರೆ ನಿಜವಾದ ನರದ್ದೇ, ಆದರೆ ಆ ನೀಲಿ ಗೆರೆಯದ್ದಲ್ಲ. ಮಣಿಕಟ್ಟಿನ ಒಳಬದಿಯಲ್ಲಿ ಸಪುರ ದಾರಿಯಲ್ಲಿ ಹಾದು ಹೋಗುವ ಒಂದು ನರ ಒತ್ತಿಹೋಗಿತ್ತು. ಕಾರ್ಪಲ್ ಟನಲ್ ಅಂತ ಬರೆದರು. ರಾತ್ರಿ ಮಲಗುವಾಗ ಪಟ್ಟಿ ಕಟ್ಟಿದರು, ಆಮೇಲೆ ಸಣ್ಣ ಆಪರೇಷನ್ ಆಯಿತು. ಈಗ ನಿದ್ದೆ ಮಾಡುತ್ತಾರೆ. ಹೆಬ್ಬೆರಳ ಬುಡದ ಮಾಂಸ ಮಾತ್ರ ಕರಗಿದ್ದು ತುಂಬಿ ಬರಲಿಲ್ಲ. ಬೇಗ ಹೋಗಿದ್ದರೆ ಉಳಿಯುತ್ತಿತ್ತೋ ಏನೋ.

ಕಾಣುವ ಗೆರೆ ಸುಮ್ಮನಿತ್ತು, ಕಾಣದ್ದು ಕೂಗುತ್ತಿತ್ತು. ನಾವು ಕಂಡದ್ದಕ್ಕೇ ಎಣ್ಣೆ ಹಚ್ಚಿದೆವು.

ಉಪ್ಪಳ ಎಕ್ಸ್‌ಪ್ರೆಸ್ (10.20)
ಮಾಷ್ಟ್ರೇ, ಸೋತೆ. ನರ ಬೇರೆ, ನಾಳ ಬೇರೆ.

ಆರೋಗ್ಯಮಿತ್ರ ಲೇಹ್ಯ (10.33)
ರಕ್ತನಾಳ ಶುದ್ಧಿಗೆ ನಮ್ಮಲ್ಲಿ ಲೇಹ್ಯ ಇದೆ. 41 ದಿನದಲ್ಲಿ ಫಲ. ಇನ್‌ಬಾಕ್ಸಿಗೆ ಬನ್ನಿ.

ತೋಟದವ (10.34)
ಕೊಳೆರೋಗಕ್ಕೆ ಆಗ್ತದಾ?

ಅಜ್ಜಿಯ ಮೊಮ್ಮಗ (11.02)
ವಯಸ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಜ್ಜಿಗೆ 84. ಕೈಯ ಚರ್ಮ ಈರುಳ್ಳಿಯ ಸಿಪ್ಪೆಯ ಹಾಗೆ, ಒಳಗಿನ ನಾಳ ಒಂದೊಂದನ್ನೂ ಎಣಿಸಬಹುದು. ಬಾಗಿಲಿಗೆ ಸ್ವಲ್ಪ ತಾಗಿದರೂ ನೇರಳೆ ಬಣ್ಣದ ಕಲೆ. ಒಮ್ಮೆ ರಕ್ತ ತೆಗೆದಲ್ಲಿ ಹಚ್ಚಿದ ಟೇಪು ಕೀಳುವಾಗ ಚರ್ಮವೇ ಬಂತು. ಈಗ ಎಲ್ಲಿಗೆ ಹೋದರೂ ನಾವೇ ಮೊದಲು ಹೇಳುತ್ತೇವೆ, ಟೇಪು ಬೇಡ, ಬಟ್ಟೆ ಸುತ್ತಿ ಅಂತ. ಸಣ್ಣವನಿದ್ದಾಗ ಆ ನಾಳ ಒತ್ತಿ ಒತ್ತಿ ಆಟ ಆಡುತ್ತಿದ್ದೆ. ಅಜ್ಜಿ ಕತೆ ಹೇಳುತ್ತಾ ಕೈ ಬಿಟ್ಟುಕೊಡುತ್ತಿದ್ದರು.

ರಾತ್ರಿಪಾಳಿ ಸಿಸ್ಟರ್ (ಮಧ್ಯಾಹ್ನ 2.10)
ಮೊಮ್ಮಗ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಯಸ್ಸಾಗದೆಯೇ ಚರ್ಮ ತೆಳುವಾಗುವುದೂ ಉಂಟು. ನಮ್ಮ ಸೆಖೆಗೆ ಹುಳಕಡ್ಡಿ ಮನೆಮನೆಯಲ್ಲಿ ಇದೆಯಲ್ಲ, ಅದಕ್ಕೆ ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಕ್ರೀಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಸೇರಿರುತ್ತದೆ. ಹಚ್ಚಿದ ಕೂಡಲೇ ತುರಿ ಹೋಗುತ್ತದೆ, ಹುಳಕಡ್ಡಿ ಹೋಗುವುದಿಲ್ಲ, ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಆ ಜಾಗದ ಚರ್ಮ ತೆಳುವಾಗಿ ಒಳಗಿನ ನಾಳ ಕಾಣುತ್ತದೆ. ಮುಖ ಬೆಳ್ಳಗಾಗಲಿ ಅಂತ ಅದನ್ನೇ ಹಚ್ಚುವವರೂ ಇದ್ದಾರೆ.

ನಿನ್ನೆ ಅರ್ಧಕ್ಕೆ ಬಿಟ್ಟದ್ದು: ಯಾವಾಗ ಹೆದರಬೇಕು. ಒಂದೇ ಕೈ ಇದ್ದಕ್ಕಿದ್ದಂತೆ ಬಾತು ಬಣ್ಣ ತಿರುಗಿದರೆ ಕಾಯಬೇಡಿ, ಅದೇ ದಿನ ಹೋಗಿ. ನಾಳ ಹಗ್ಗದ ಹಾಗೆ ಗಟ್ಟಿಯಾಗಿ ಮುಟ್ಟಿದರೆ ನೋವು, ಮೇಲೆ ಕೆಂಪು, ಬಿಸಿ ಇದ್ದರೂ ತೋರಿಸಿ. ಡ್ರಿಪ್ ಹಾಕಿದ ಜಾಗದಲ್ಲಿ ಇದು ಜಾಸ್ತಿ.

ಎಡನೀರು ಅಣ್ಣ (2.40)
ಸಿಸ್ಟರ್ ಹೇಳಿದ ಒಂದೇ ಕೈಯ ಕತೆ ನನ್ನ ತಮ್ಮನದ್ದು. 29 ವರ್ಷ, ಕಲ್ಲಿನ ಹಾಗಿದ್ದ. ಅಡಕೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವುದು ಬಿಟ್ಟು ನೆಲದಲ್ಲಿ ನಿಂತೇ ಕೊಯ್ಯುತ್ತಿದ್ದ, ದಿನವಿಡೀ ಕೈ ತಲೆಯಿಂದ ಮೇಲೆ. ಒಂದು ದಿನ ಸಂಜೆ ಬಲಗೈ ಭಾರ ಅಂದ. ನಾವು ಉಳುಕು ಅಂದೆವು. ಮರುದಿನ ಬೆಳಿಗ್ಗೆ ಭುಜದಿಂದ ಬೆರಳವರೆಗೆ ಬಾವು, ಬಣ್ಣ ನೇರಳೆ. ಭುಜದ ಮೇಲೆ, ಎದೆಯ ಮೇಲೆ ಮೊದಲು ಇಲ್ಲದ ನೀಲಿ ಗೆರೆಗಳು. ನೋವು ಅಷ್ಟೇನಿಲ್ಲ, ಅದಕ್ಕೇ ನಾವು ಇನ್ನೊಂದು ದಿನ ತಡ ಮಾಡಿದೆವು. ಸ್ಕ್ಯಾನಿನಲ್ಲಿ ನೋಡಿದರೆ ಕೊರಳೆಲುಬಿನ ಅಡಿಯ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ದೊಡ್ಡ ದಾರಿ ಕಟ್ಟಿದ ಕಾರಣ ರಕ್ತ ಒಳದಾರಿ ಹಿಡಿದದ್ದೇ ಆ ಎದೆಯ ಮೇಲಿನ ಗೆರೆಗಳು. ಕೈ ಎತ್ತಿಯೇ ಮಾಡುವ ಕೆಲಸದಿಂದ ಹೀಗಾಗುವುದು ಉಂಟು ಅಂದರು ಡಾಕ್ಟರು. ಆ ಹೆಪ್ಪು ಅಲ್ಲಿಂದ ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಅಂತ ಕೇಳಿದಾಗ ನನ್ನ ಕಾಲು ನಡುಗಿತು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರು. ಈಗ ಆರಾಮ ಇದ್ದಾನೆ, ದೋಟಿ ಮಾತ್ರ ಮುಟ್ಟುವುದಿಲ್ಲ.

ತೋಟದವ (2.55)
ಇದು ಗೊತ್ತೇ ಇರಲಿಲ್ಲ ಅಣ್ಣ. ನಾನೂ ದೋಟಿಯವನೇ.

ಎಡನೀರು ಅಣ್ಣ (2.58)
ಹೆದರಬೇಡ, ಎಲ್ಲರಿಗೂ ಆಗುವಂಥದ್ದಲ್ಲ. ಮರದಿಂದ ಬೀಳುವುದಕ್ಕಿಂತ ದೋಟಿಯೇ ವಾಸಿ. ನಡುನಡುವೆ ಕೈ ಇಳಿಸು.

ಮಧೂರಿನವಳು (4.12)
ನಮ್ಮ ಯಜಮಾನರ ಎಡಗೈಯಲ್ಲಿ ನಾಳ ಹೆಬ್ಬೆರಳಿನಷ್ಟು ದಪ್ಪ ಎದ್ದಿದೆ. ನೋಡಿದವರು ಬೆಚ್ಚಿ ಬೀಳುತ್ತಾರೆ. ಅದು ರೋಗ ಅಲ್ಲ, ಡಾಕ್ಟರೇ ಮಾಡಿದ್ದು. ಡಯಾಲಿಸಿಸ್‌ಗೆ ಅಪಧಮನಿ ಮತ್ತು ಅಭಿಧಮನಿ ಎರಡನ್ನೂ ಕೈಯಲ್ಲಿ ಜೋಡಿಸುತ್ತಾರೆ, ಫಿಸ್ಟುಲಾ ಅಂತ. ಜೋರಿನ ರಕ್ತ ಬಿದ್ದು ಬಿದ್ದು ಅಭಿಧಮನಿ ದಪ್ಪವಾಗುತ್ತದೆ, ಆಗ ದೊಡ್ಡ ಸೂಜಿ ಹಾಕಬಹುದು. ಮುಟ್ಟಿದರೆ ಒಳಗೆ ದುಂಬಿ ಗುಂಯ್‌ಗುಡುವ ಹಾಗೆ. ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ನಾನು ಮುಟ್ಟಿ ನೋಡುತ್ತೇನೆ. ಗುಂಯ್ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಬಿಗಿ ವಾಚು ಕಟ್ಟಬಾರದು. ಹೋದಲ್ಲೆಲ್ಲ ಇದನ್ನು ಹೇಳಬೇಕು. ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಹೇಳುತ್ತೇನೆ, ಒಮ್ಮೊಮ್ಮೆ ಕೈ ಅಡ್ಡ ಹಿಡಿದೇ ನಿಲ್ಲುತ್ತೇನೆ.

ಉಪ್ಪಳ ಎಕ್ಸ್‌ಪ್ರೆಸ್ (4.20)
ಅದೇ ನೋಡಿ. ಡಿಸ್ಚಾರ್ಜ್ ಮಾಡುವಾಗ ಕೊಡುವ ಕಾಗದ ಕನ್ನಡದಲ್ಲಿದ್ದರೆ ಎಷ್ಟು ಉಪಕಾರ. ನಮ್ಮ ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ.

ಪೆರ್ಲದ ಡ್ರೈವರ್ (4.26)
ಕನ್ನಡದಲ್ಲಿ ಕೊಟ್ಟರೆ "ಅಭಿಧಮನಿ" ಅಂತ ಬರೆದಿರುತ್ತಾರೆ. ಅಪ್ಪ ಅದನ್ನು ಓದಿ ನಿಮ್ಮನ್ನೇ ಕೇಳುತ್ತಾರೆ.

ಉಪ್ಪಳ ಎಕ್ಸ್‌ಪ್ರೆಸ್ (4.27)
😂 ಆದರೂ ಬೇಕು.

ನಿವೃತ್ತ ಮಾಷ್ಟ್ರು (6.30)
ಹುಡುಗರೇ, ನಗು ಸಾಕು, ಒಂದು ಪ್ರಯೋಗ ಮಾಡಿ ನೋಡಿ. ಕೈ ಕೆಳಗೆ ಇಳಿಬಿಟ್ಟು ನಾಳ ತುಂಬಲಿ. ಉದ್ದಕ್ಕೆ ಹೋಗುವ ಒಂದು ನಾಳದ ಮೇಲೆ, ಬೆರಳುಗಳ ಕಡೆಗೆ, ಒಂದು ಬೆರಳಿಟ್ಟು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ರಕ್ತವನ್ನು ನೂಕಿ, ಆ ಬೆರಳು ತೆಗೆಯಿರಿ. ನಡುವೆ ನಾಳದೊಳಗೆ ಬಾಗಿಲು, ಅಂದರೆ ಕವಾಟ, ಇದ್ದರೆ ಆ ತುಂಡು ಖಾಲಿಯೇ ಇರುತ್ತದೆ, ಮೇಲಿನ ರಕ್ತ ಹಿಂದಕ್ಕೆ ಬರುವುದಿಲ್ಲ. ಒತ್ತಿದ ಬೆರಳು ಬಿಟ್ಟ ಕೂಡಲೇ ತುಂಬುತ್ತದೆ. ಅಂದರೆ ನಾಳದೊಳಗೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳಿವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಅಚ್ಚು ಹಾಕಿಸಿದ ತನ್ನ ಪುಸ್ತಕದಲ್ಲಿ ಇದೇ ಬಗೆಯ ಪ್ರಯೋಗವನ್ನು ಕೈಯ ಚಿತ್ರ ಸಮೇತ ತೋರಿಸಿದ. ರಕ್ತ ಸುತ್ತು ಹೊಡೆಯುತ್ತದೆ ಅಂತ ಜಗತ್ತಿಗೆ ಒಪ್ಪಿಸಿದ್ದರಲ್ಲಿ ಇದೂ ಒಂದು. ಕ್ಲಾಸಿನಲ್ಲಿ ಯಾವಾಗಲೂ ತೆಳ್ಳಗಿನ ಹುಡುಗನನ್ನು ಕರೆದು ಅವನ ಕೈಯಲ್ಲಿ ತೋರಿಸುತ್ತಿದ್ದೆ. ಉಳಿದ ದಿನ ಕಡ್ಡಿ ಕಡ್ಡಿ ಅಂತ ಕರೆಸಿಕೊಳ್ಳುವವನಿಗೆ ಆ ಒಂದು ದಿನ ಭಾರೀ ಮರ್ಯಾದೆ.

ಇನ್ನು ಕೈಯನ್ನು ಎದೆಗಿಂತ ಮೇಲೆ ಎತ್ತಿ ನೋಡಿ. ಸಾಮಾನ್ಯವಾಗಿ ನಾಳ ಇಳಿದು ಚಪ್ಪಟೆಯಾಗುತ್ತದೆ.

ಬದಿಯಡ್ಕದ ಸೊಸೆ (6.41)
ಎತ್ತಿದೆ ಮಾಷ್ಟ್ರೇ. ಪೂರ್ತಿ ಮಾಯ! ಮಗನೂ ಎತ್ತಿದ, ಈಗ ಮನೆಯಲ್ಲಿ ಎಲ್ಲರೂ ಕೈ ಎತ್ತಿಕೊಂಡೇ ಓಡಾಡುತ್ತಿದ್ದಾರೆ.

ರಾತ್ರಿಪಾಳಿ ಸಿಸ್ಟರ್ (7.15)
ಕೈ ಎತ್ತಿದರೂ ನಾಳ ಇಳಿಯದೆ ಹಾಗೆಯೇ ನಿಂತು, ಜೊತೆಗೆ ಏದುಸಿರು, ಕಾಲುಬಾವು, ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಹೃದಯ ನೋಡಿಸಬೇಕು. ಕೈ ಒಂದನ್ನೇ ನೋಡಿ ಮನೆಯಲ್ಲಿ ತೀರ್ಮಾನ ಮಾಡಬೇಡಿ.

ನಗರದ ತಂಗಿ (8.02)
ಬೆಂಗಳೂರಿನಲ್ಲಿ ನನ್ನ ಗೆಳತಿ ಕೈಯ ನಾಳ ಕಾಣಬಾರದು ಅಂತ ಇಂಜೆಕ್ಷನ್ ಕೊಟ್ಟು ಮುಚ್ಚಿಸಿಕೊಂಡಳು. ಮದುವೆ ಫೋಟೋಕ್ಕೆ.

ರಾತ್ರಿಪಾಳಿ ಸಿಸ್ಟರ್ (8.09)
ಅಯ್ಯೋ! ನಾಳೆ ಆಸ್ಪತ್ರೆಗೆ ಸೇರಿದರೆ ಡ್ರಿಪ್ ಎಲ್ಲಿಗೆ ಹಾಕುವುದು?

ಬದಿಯಡ್ಕದ ಸೊಸೆ (ನಾಲ್ಕು ದಿನದ ನಂತರ)
ಹೋಗಿ ಬಂದೆ. ಇಲ್ಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ. ಬಿಪಿ 118/76. ಡಾಕ್ಟರಮ್ಮ ಎರಡೂ ಕೈ ನೋಡಿ, ಎತ್ತಿಸಿ ಇಳಿಸಿ, "ಇದಕ್ಕೆ ಮದ್ದು ಇಲ್ಲ, ಬೇಕಾಗಿಯೂ ಇಲ್ಲ" ಅಂದರು. ತೂಕ ಇಳಿದದ್ದು ಬೇಕೆಂದೇ ಇಳಿಸಿದ್ದಾ ಅಂತ ಎರಡೆರಡು ಸಲ ಕೇಳಿದರು. ತನ್ನಷ್ಟಕ್ಕೆ ಇಳಿದಿದ್ದರೆ ಬೇರೆ ಪರೀಕ್ಷೆ ಮಾಡಿಸುತ್ತಿದ್ದರಂತೆ.

ಆದರೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.2 ಬಂತು.

ತೋಟದವ
ದೊಡ್ಡತ್ತೆ ಗೆದ್ದರು!

ನಿವೃತ್ತ ಮಾಷ್ಟ್ರು
ಗೆಲ್ಲಲಿಲ್ಲ. ಉತ್ತರ ಸರಿ, ಲೆಕ್ಕ ಮಾಡಿದ ದಾರಿ ತಪ್ಪು. ನಾನಾದರೆ ಅರ್ಧ ಮಾರ್ಕೂ ಕೊಡುವುದಿಲ್ಲ.

ಬೀಡಿ ಕಟ್ಟಿದ ಮನೆಯವಳು
ಅರ್ಧ ಮಾರ್ಕು ಕೊಡಿ ಮಾಷ್ಟ್ರೇ. ಅವರು ಹೇಳದಿದ್ದರೆ ಇವರು ಪರೀಕ್ಷೆ ಮಾಡಿಸುತ್ತಲೇ ಇರಲಿಲ್ಲ.

ರಾತ್ರಿಪಾಳಿ ಸಿಸ್ಟರ್
ಕಬ್ಬಿಣದ ಮಾತ್ರೆ ಕೊಟ್ಟಿರಬೇಕಲ್ಲ? ಟೀ, ಕಾಫಿ ಜೊತೆ ನುಂಗಬೇಡಿ ಅಕ್ಕ, ಮೈಗೆ ಹಿಡಿಯುವುದಿಲ್ಲ. ಲಿಂಬೆ ಶರಬತ್ತು ಕುಡಿಯಬಹುದು. ಮಲ ಕಪ್ಪಾದರೆ ಹೆದರಿ ಇನ್ನೊಂದು ಪ್ರಶ್ನೆ ಹಾಕಬೇಡಿ, ಮಾತ್ರೆಯಿಂದ ಹಾಗಾಗುತ್ತದೆ. ತಿಂಗಳ ಮುಟ್ಟು ಜಾಸ್ತಿ ಇದ್ದರೆ ಅದನ್ನೂ ಡಾಕ್ಟರಮ್ಮನಿಗೆ ಹೇಳಿ.

ಬದಿಯಡ್ಕದ ಸೊಸೆ
ಹೇಳಿದ್ದೇನೆ ಸಿಸ್ಟರ್. ಮುಂದಿನ ವಾರ ಅದೇ ದೊಡ್ಡತ್ತೆಯ ಮನೆಯಲ್ಲಿ ಪೂಜೆ. ಉದ್ದ ತೋಳಿನ ರವಿಕೆ ಹಾಕಿ ಹೋಗಲಾ, 11.2 ಅಂತ ನಾನೇ ಹೇಳಲಾ?

ಪೆರ್ಲದ ಡ್ರೈವರ್
ಬಡಿಸಲು ಹೋಗಬೇಡಿ. ಪಂಕ್ತಿಯಲ್ಲಿ ಕೂತುಬಿಡಿ.